ಸೇನಾ ತರಬೇತಿ ಕೇಂದ್ರಕ್ಕೆ ಹೊರಡುವ ಮುನ್ನ: ಮನ್ನಾಏಖೇಳ್ಳಿ, ಹುಮನಾಬಾದ್ ಮತ್ತು ಬಸವಕಲ್ಯಾಣ ಭಾಗದ ಅಭ್ಯರ್ಥಿಗಳಿಗೆ ಹಾಗೂ ಪೋಷಕರಿಗೆ ಮಾಹಿತಿ

ಪೀಠಿಕೆ

ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿ ಹಾಗೂ ಅದರ ಸುತ್ತಲಿನ ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣ ಮತ್ತು ಹುಲಸೂರು ತಾಲ್ಲೂಕುಗಳ ಯುವಕರು ಭೂಸೇನೆಗೆ ಆಯ್ಕೆಯಾದ ನಂತರ, ತರಬೇತಿ ಕೇಂದ್ರದಲ್ಲಿ ಹಾಜರಾಗುವ ದಿನದವರೆಗೆ ಕೈಗೊಳ್ಳಬೇಕಾದ ಸಿದ್ಧತೆಗಳ ಕುರಿತು ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ. ಭರ್ತಿ ರ‍್ಯಾಲಿಗೆ ಸಿದ್ಧತೆ ಹೇಗೆ ಎಂಬುದನ್ನು ತಿಳಿಸುವ ಪುಸ್ತಕಗಳು ಮತ್ತು ತರಗತಿಗಳು ಸಾಕಷ್ಟಿವೆ. ಆಯ್ಕೆಯಾದ ಮೇಲೆ ಏನು ಮಾಡಬೇಕೆಂಬುದನ್ನು ತಿಳಿಸುವವರು ವಿರಳ. ಕೊಡಗು ಮತ್ತು ಬೆಳಗಾವಿ ಜಿಲ್ಲೆಗಳ ಅನೇಕ ಗ್ರಾಮಗಳಲ್ಲಿ ಅಜ್ಜ, ದೊಡ್ಡಪ್ಪ, ಸೋದರಮಾವ ಹೀಗೆ ಮನೆಯಲ್ಲಿಯೇ ಒಬ್ಬರಾದರೂ ಮಾಜಿ ಸೈನಿಕರಿದ್ದು, ತರಬೇತಿ ಎಂದರೇನು ಎಂಬುದು ಊಟದ ಹೊತ್ತಿನ ಮಾತಿನಲ್ಲಿಯೇ ಮಕ್ಕಳಿಗೆ ತಿಳಿದಿರುತ್ತದೆ. ಈ ಭಾಗದ ಬಹಳಷ್ಟು ಮನೆಗಳಲ್ಲಿ ಸೇನೆಗೆ ಹೊರಟ ಹುಡುಗನೇ ಮೊದಲಿಗನಾಗಿರುತ್ತಾನೆ. ಅಂತಹ ಮನೆಗಳನ್ನು ಗಮನದಲ್ಲಿರಿಸಿಕೊಂಡು ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

ಆಯ್ಕೆಯ ಹಂತ

ಬೀದರ್ ಜಿಲ್ಲೆಯು ಬೆಳಗಾವಿಯ ಸೇನಾ ಭರ್ತಿ ಕಚೇರಿಯ ವ್ಯಾಪ್ತಿಗೆ ಒಳಪಡುತ್ತದೆ. ದಿನಾಂಕ 14-06-2022ರಂದು ಪ್ರಕಟವಾದ ಅಗ್ನಿಪಥ ಯೋಜನೆಯನ್ವಯ ಸೈನಿಕ ಹುದ್ದೆಗಳಿಗೆ ‘ಅಗ್ನಿವೀರ’ರೆಂದು ನಾಲ್ಕು ವರ್ಷಗಳ ಅವಧಿಗೆ ನೇಮಕ ಮಾಡಿಕೊಳ್ಳಲಾಗುತ್ತಿದ್ದು, ತರಬೇತಿಯ ಅವಧಿಯೂ ಈ ನಾಲ್ಕು ವರ್ಷಗಳಲ್ಲಿಯೇ ಸೇರಿರುತ್ತದೆ. 2023ರಿಂದ ಮೊದಲು ಗಣಕಯಂತ್ರ ಆಧಾರಿತ ಸಾಮಾನ್ಯ ಪ್ರವೇಶ ಪರೀಕ್ಷೆ, ಅದರಲ್ಲಿ ಅರ್ಹರಾದವರಿಗೆ ಮಾತ್ರ ರ‍್ಯಾಲಿ, ನಂತರ ವೈದ್ಯಕೀಯ ತಪಾಸಣೆ ಎಂಬ ಕ್ರಮ ಜಾರಿಗೆ ಬಂದಿದೆ. 2025ರಲ್ಲಿ ಈ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಬರೆಯಲು ಅವಕಾಶ ನೀಡಲಾಯಿತು. ವಯೋಮಿತಿ ಹಾಗೂ ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳತಕ್ಕದ್ದು; ಹಳೆಯ ಕರಪತ್ರಗಳನ್ನು ನಂಬಬಾರದು.

ಜನರಲ್ ಡ್ಯೂಟಿ ಹುದ್ದೆಗೆ ಕರ್ನಾಟಕದ ಅಭ್ಯರ್ಥಿಗಳಿಗೆ 166 ಸೆಂ.ಮೀ. ಎತ್ತರ, ಕನಿಷ್ಠ 5 ಸೆಂ.ಮೀ. ಎದೆಯ ಹಿಗ್ಗುವಿಕೆ ಹಾಗೂ ಹತ್ತನೆಯ ತರಗತಿಯಲ್ಲಿ ಒಟ್ಟು ಶೇ. 45, ಪ್ರತಿ ವಿಷಯದಲ್ಲಿ ಶೇ. 33 ಅಂಕಗಳನ್ನು ನಿಗದಿಪಡಿಸಲಾಗಿದೆ. ರ‍್ಯಾಲಿಯಲ್ಲಿ 1.6 ಕಿ.ಮೀ. ದೂರವನ್ನು 5 ನಿಮಿಷ 30 ಸೆಕೆಂಡುಗಳೊಳಗೆ ಕ್ರಮಿಸಿದವರಿಗೆ ಓಟದ ಪೂರ್ಣ 60 ಅಂಕಗಳೂ, ಬೀಮ್ ಮೇಲೆ 10 ಬಾರಿ ಮೇಲೇರಿದವರಿಗೆ ಪೂರ್ಣ 40 ಅಂಕಗಳೂ ದೊರೆಯುತ್ತವೆ. 9 ಅಡಿ ಹಳ್ಳದ ಜಿಗಿತ ಮತ್ತು ಅಂಕುಡೊಂಕು ಹಲಗೆಯ ಮೇಲಿನ ಸಮತೋಲನ ನಡಿಗೆಯಲ್ಲಿ ಉತ್ತೀರ್ಣರಾದರೆ ಸಾಕು, ಅಂಕಗಳಿರುವುದಿಲ್ಲ.

ಮಿಲಿಟರಿ ಪೊಲೀಸ್ ದಳಕ್ಕೆ ಮಹಿಳೆಯರೂ ಅರ್ಜಿ ಸಲ್ಲಿಸಬಹುದಾಗಿದೆ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ ತರಬೇತಿ ಪಡೆದ 83 ಮಹಿಳೆಯರ ಮೊದಲ ತಂಡವು ದಿನಾಂಕ 08-05-2021ರಂದು ಹೊರಬಂದಿತು. ಈ ಪುಟದ ಮಾಹಿತಿಯು ಬಹುಪಾಲು ಅವರಿಗೂ ಅನ್ವಯಿಸುತ್ತದೆ.

ತರಬೇತಿ ಎಲ್ಲಿ, ಎಷ್ಟು ಕಾಲ

ತರಬೇತಿ ಕೇಂದ್ರವನ್ನು ಅಭ್ಯರ್ಥಿಯು ಆರಿಸಿಕೊಳ್ಳುವಂತಿಲ್ಲ. ಹಂಚಿಕೆಯಾದ ರೆಜಿಮೆಂಟ್ ಅಥವಾ ದಳಕ್ಕೆ ಅನುಗುಣವಾಗಿ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರ, ತಮಿಳುನಾಡಿನ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟ್ ಕೇಂದ್ರ, ಹೈದರಾಬಾದಿನ ಆರ್ಟಿಲರಿ ಕೇಂದ್ರ ಅಥವಾ ಇನ್ನಾವುದೇ ರಾಜ್ಯದ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಬೀದರಿನಲ್ಲಿಯೇ ವಾಯುಪಡೆಯ ನೆಲೆಯಿರುವುದರಿಂದ ಮಗನು ಅಲ್ಲಿಯೇ ತರಬೇತಿ ಪಡೆಯುವನೆಂದು ಕೆಲವು ಪೋಷಕರು ಭಾವಿಸುವುದುಂಟು. ಅದು ವಿಮಾನ ಚಾಲಕರ ತರಬೇತಿಯ ನೆಲೆಯಾಗಿದ್ದು, ಭೂಸೇನೆಯ ಭರ್ತಿಗೂ ಅದಕ್ಕೂ ಸಂಬಂಧವಿಲ್ಲ. ವಾಯುಪಡೆಯ ಅಗ್ನಿವೀರರ ಪ್ರಾಥಮಿಕ ತರಬೇತಿಯು ಬೆಳಗಾವಿಯ ಸಾಂಬ್ರಾದಲ್ಲಿಯೂ, ನೌಕಾಪಡೆಯದು ಒಡಿಶಾದ ಚಿಲ್ಕಾದಲ್ಲಿಯೂ ನಡೆಯುತ್ತದೆ.

ಭೂಸೇನೆಯಲ್ಲಿ ಮೊದಲು ಎಲ್ಲರಿಗೂ ಸಮಾನವಾದ ಮೂಲ ಸೈನಿಕ ತರಬೇತಿ, ಅನಂತರ ಆಯಾ ದಳದ ಮುಂದುವರಿದ ತರಬೇತಿ ಇರುತ್ತದೆ. ಎರಡೂ ಸೇರಿ ದಳವನ್ನು ಅವಲಂಬಿಸಿ ಸುಮಾರು ಆರರಿಂದ ಏಳು ತಿಂಗಳು ಹಿಡಿಯಬಹುದು. ತರಬೇತಿಯ ಕೊನೆಯಲ್ಲಿ ಕಸಮ್ ಪರೇಡ್ ಎಂದು ಕರೆಯಲಾಗುವ ಪ್ರಮಾಣವಚನ ಪಥಸಂಚಲನ ಜರುಗುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಸುವುದು ಅವಶ್ಯ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕೆಲಸ ಖಾಯಂ ಆಗುವುದಿಲ್ಲ. ತರಬೇತಿಯ ಪರೀಕ್ಷೆಗಳಲ್ಲಿ ಅನುತ್ತೀರ್ಣನಾದ ಅಥವಾ ಗಾಯದಿಂದ ಬಹುಕಾಲ ಆಸ್ಪತ್ರೆಯಲ್ಲಿ ಉಳಿದ ರಿಕ್ರೂಟನನ್ನು ಮುಂದಿನ ತಂಡಕ್ಕೆ ಹಿಂದೂಡಲಾಗುತ್ತದೆ. ಹಾಗಾಗಿಯೂ ಸುಧಾರಿಸದಿದ್ದಲ್ಲಿ, ಸಮರ್ಥ ಸೈನಿಕನಾಗುವ ಸಂಭವವಿಲ್ಲವೆಂಬ ಕಾರಣದ ಮೇಲೆ ಬಿಡುಗಡೆ ಮಾಡಲು ಸೇನಾ ನಿಯಮಗಳಲ್ಲಿ ಅವಕಾಶವಿದೆ. ಊರಿನಲ್ಲಿ ಹಾರ ಹಾಕಿಸಿಕೊಂಡು ಹೋದ ಹುಡುಗನು ಮೂರು ತಿಂಗಳಲ್ಲಿ ಹಿಂದಿರುಗುವ ಪರಿಸ್ಥಿತಿ ಬಾರದಿರಲಿ ಎಂಬುದೇ ಮುಂದಿನ ಸೂಚನೆಗಳ ಉದ್ದೇಶ.

ದಾಖಲೆಗಳು

ಅಂಕಪಟ್ಟಿ, ವಾಸಸ್ಥಳ ಪ್ರಮಾಣ ಪತ್ರ, ಜಾತಿ ಪ್ರಮಾಣ ಪತ್ರ, ಶಾಲೆಯ ನಡತೆ ಪ್ರಮಾಣ ಪತ್ರ, ಗ್ರಾಮ ಪಂಚಾಯಿತಿ ಅಥವಾ ಪೊಲೀಸ್ ಠಾಣೆಯಿಂದ ಪಡೆದ ನಡತೆ ಪ್ರಮಾಣ ಪತ್ರ, ಅವಿವಾಹಿತ ಪ್ರಮಾಣ ಪತ್ರ, ಆಧಾರ್, ಪ್ಯಾನ್ ಕಾರ್ಡ್, ಬ್ಯಾಂಕ್ ಪಾಸ್ ಪುಸ್ತಕ, ಛಾಪಾ ಕಾಗದದ ಮೇಲಿನ ಪ್ರಮಾಣಪತ್ರ ಮತ್ತು ಇತ್ತೀಚಿನ ಭಾವಚಿತ್ರಗಳು ಸಾಮಾನ್ಯವಾಗಿ ಬೇಕಾಗುತ್ತವೆ. ನಡತೆ ಮತ್ತು ಅವಿವಾಹಿತ ಪ್ರಮಾಣ ಪತ್ರಗಳು ಆರು ತಿಂಗಳಿಗಿಂತ ಹಳೆಯವಾಗಿರಬಾರದು. ಕಂದಾಯ ಇಲಾಖೆಯ ಪ್ರಮಾಣ ಪತ್ರಗಳನ್ನು ತಮ್ಮ ಹೋಬಳಿಯ ನಾಡಕಚೇರಿಯಲ್ಲಿ ಪಡೆಯಬಹುದು.

ಈ ಭಾಗದ ಅಭ್ಯರ್ಥಿಗಳಿಗೆ ತೊಡಕಾಗುವುದು ದಾಖಲೆ ಇಲ್ಲದಿರುವುದರಿಂದಲ್ಲ, ದಾಖಲೆಗಳು ಒಂದಕ್ಕೊಂದು ತಾಳೆಯಾಗದಿರುವುದರಿಂದ. ಒಂದೇ ಊರಿನ ಹೆಸರನ್ನು ಮನ್ನಾಏಖೇಳ್ಳಿ, ಮನ್ನಾಎಖೇಳ್ಳಿ, ಮನ್ನಾಎಖೆಳ್ಳಿ ಎಂದು ಬಗೆಬಗೆಯಾಗಿ ಬರೆಯುವ ರೂಢಿಯಿದೆ. ಇಂಗ್ಲಿಷ್ ಅಕ್ಷರಗಳಲ್ಲಂತೂ ಇನ್ನೂ ಹೆಚ್ಚು ರೂಪಗಳು. ಹಳೆಯ ದಾಖಲೆಗಳಲ್ಲಿ ತಾಲ್ಲೂಕು ಹುಮನಾಬಾದ್ ಎಂದಿದ್ದರೆ, ಚಿಟಗುಪ್ಪ ಪ್ರತ್ಯೇಕ ತಾಲ್ಲೂಕಾದ ನಂತರದ ದಾಖಲೆಗಳಲ್ಲಿ ಚಿಟಗುಪ್ಪ ಎಂದಿರುತ್ತದೆ. ಬಸವಕಲ್ಯಾಣ ಮತ್ತು ಹುಲಸೂರಿನ ವಿಷಯದಲ್ಲಿಯೂ ಹೀಗೆಯೇ. ಇದಲ್ಲದೆ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳಲ್ಲಿ ಹೆಸರು, ತಂದೆಯ ಹೆಸರು ಮತ್ತು ಅಡ್ಡಹೆಸರುಗಳನ್ನು ಬೇರೆ ಬೇರೆ ಅನುಕ್ರಮದಲ್ಲಿ ನಮೂದಿಸಲಾಗಿರುತ್ತದೆ. ತಾಲ್ಲೂಕಿನ ಬದಲಾವಣೆಯನ್ನು ಕಂದಾಯ ಕಚೇರಿಯ ಒಂದು ಪತ್ರದಿಂದ ವಿವರಿಸಬಹುದು. ಹೆಸರು ಮತ್ತು ಜನ್ಮ ದಿನಾಂಕದ ವ್ಯತ್ಯಾಸವು ಹಾಗಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು, ಅದರಲ್ಲಿರುವಂತೆಯೇ ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಖಾತೆಗಳನ್ನು ತಿದ್ದಿಸಿಕೊಳ್ಳುವುದು ಸುಲಭದ ಮಾರ್ಗ. ಅಂಕಪಟ್ಟಿಯಲ್ಲಿಯೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಕೋರಿಕೆ ಸಲ್ಲಿಸಬೇಕಾಗುತ್ತದೆ. ಇದಕ್ಕೆ ಕಾಲಾವಕಾಶ ಬೇಕಾಗುವುದರಿಂದ ರ‍್ಯಾಲಿಯ ಫಲಿತಾಂಶಕ್ಕಾಗಿ ಕಾಯದೆ ಮೊದಲೇ ಆರಂಭಿಸತಕ್ಕದ್ದು.

ತಾಯಿ ತಂದೆಯರ ಹೆಸರುಗಳ ಅಕ್ಷರಗಳನ್ನೂ ಇದೇ ರೀತಿ ಪರಿಶೀಲಿಸುವುದು ಅವಶ್ಯ. ನಾಮನಿರ್ದೇಶಿತರಾಗಿ ಅವರ ಹೆಸರೇ ಸೇವಾ ದಾಖಲೆಗೆ ಸೇರುತ್ತದೆ.

ಸಂವಿಧಾನದ 371(ಜೆ) ವಿಧಿಯಡಿ ಪಡೆದ ಪ್ರಮಾಣ ಪತ್ರವು ಸೇನಾ ಭರ್ತಿಯಲ್ಲಿ ಯಾವ ಆದ್ಯತೆಯನ್ನೂ ನೀಡುವುದಿಲ್ಲ. ಆದಾಗ್ಯೂ ನಾಲ್ಕು ವರ್ಷಗಳ ನಂತರ ರಾಜ್ಯ ಸರ್ಕಾರದ ಹುದ್ದೆಗಳಿಗೆ ಅರ್ಜಿ ಸಲ್ಲಿಸುವಾಗ ಅದು ಬೇಕಾಗುವುದರಿಂದ ಪಡೆದು ಮನೆಯಲ್ಲಿ ಜೋಪಾನವಾಗಿಡುವುದು ಒಳಿತು.

ಪೊಲೀಸ್ ಪರಿಶೀಲನೆಯ ನಮೂನೆಯಲ್ಲಿ ಯಾವುದೇ ಪ್ರಕರಣವನ್ನು ಮುಚ್ಚಿಡಬಾರದು. ಜಾತ್ರೆಯ ಜಗಳದಲ್ಲಿ ದಾಖಲಾಗಿ ಇತ್ಯರ್ಥವಾದ ಚಿಕ್ಕ ಪ್ರಕರಣವನ್ನಾದರೂ ಇದ್ದಂತೆ ಬರೆಯತಕ್ಕದ್ದು. ಪ್ರಕರಣವು ತೊಂದರೆ ಮಾಡಲಿ ಬಿಡಲಿ, ಸುಳ್ಳು ಘೋಷಣೆಯು ನಂತರ ಸೇವೆಯಿಂದ ತೆಗೆದುಹಾಕಲು ಸ್ವತಂತ್ರ ಕಾರಣವಾಗುತ್ತದೆ.

ದೈಹಿಕ ಸಿದ್ಧತೆ

ರ‍್ಯಾಲಿ ಮುಗಿದೊಡನೆ ಓಟವನ್ನು ನಿಲ್ಲಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ರ‍್ಯಾಲಿಗೂ ತರಬೇತಿ ಕೇಂದ್ರಕ್ಕೆ ಹಾಜರಾಗುವ ದಿನಕ್ಕೂ ನಡುವೆ ಹಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆಯುತ್ತವೆ. ಆ ಅವಧಿಯಲ್ಲಿ ಸತ್ಕಾರದ ಊಟ ಮತ್ತು ವಿಶ್ರಾಂತಿಯಿಂದ ಕಳೆದುಕೊಂಡ ದಮ್ಮನ್ನು ಕೇಂದ್ರದ ಮೊದಲ ವಾರದಲ್ಲಿ ಮರಳಿ ಪಡೆಯಲಾಗುವುದಿಲ್ಲ. ರ‍್ಯಾಲಿಯ ಓಟವೂ ತರಬೇತಿಯ ಓಟವೂ ಬೇರೆಯೆಂಬುದನ್ನು ಗಮನಿಸಬೇಕು. ರ‍್ಯಾಲಿಯಲ್ಲಿ ಒಂದು ದಿನ ಐದೂವರೆ ನಿಮಿಷ ಓಡಿದರೆ ಮುಗಿಯಿತು. ತರಬೇತಿಯಲ್ಲಿ ಬೆಳಿಗ್ಗೆ ವ್ಯಾಯಾಮ, ನಂತರ ಕವಾಯತು, ಮಧ್ಯಾಹ್ನ ಪಾಠ, ಸಂಜೆ ಆಟ ಹೀಗೆ ದಿನವಿಡೀ ದೇಹಕ್ಕೆ ಕೆಲಸವಿದ್ದು, ಮರುದಿನವೂ ಅದೇ ಮುಂದುವರಿಯುತ್ತದೆ. ಸೇನೆಯ ದೈಹಿಕ ಪರೀಕ್ಷೆಗಳಲ್ಲಿ 2.4 ಕಿ.ಮೀ. ಓಟ, ಪೂರ್ಣ ಸಜ್ಜಿನೊಂದಿಗೆ 5 ಕಿ.ಮೀ. ಓಟ, ನೇತುಬಿಟ್ಟ ಹಗ್ಗವನ್ನು ಹತ್ತುವುದು, ಅಡ್ಡ ಹಗ್ಗದ ಮೇಲೆ ಸಾಗುವುದು ಸೇರಿವೆ.

ಓಡುವ ವೇಗವನ್ನು ಅಂದಾಜಿನಿಂದ ನಿರ್ಧರಿಸದೆ ಲೆಕ್ಕದಿಂದ ತಿಳಿಯಬೇಕು. 1.6 ಕಿ.ಮೀ. ಎಂದರೆ 400 ಮೀಟರಿನ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿಗೆ ಒಂದು ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡು ಬೀಳುತ್ತದೆ. ಶಾಲಾ ಮೈದಾನದಲ್ಲಿ 200 ಮೀಟರಿನ ಸುತ್ತು ಗುರುತಿಸಿಕೊಂಡಿದ್ದರೆ ಪ್ರತಿ ಸುತ್ತಿಗೆ ಸುಮಾರು 41 ಸೆಕೆಂಡು. ಮೊದಲ ಸುತ್ತನ್ನು 70 ಸೆಕೆಂಡಿನಲ್ಲಿ ಓಡಿ ಕೊನೆಯ ಸುತ್ತಿನಲ್ಲಿ ನಡೆಯುವವನಿಗಿಂತ ನಾಲ್ಕನ್ನೂ ಒಂದೇ ಸಮನಾಗಿ ಓಡುವವನು ಮುಂದಿರುತ್ತಾನೆ.

ಮನ್ನಾಏಖೇಳ್ಳಿಯ ಮೂಲಕ ಹಾದುಹೋಗುವ ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65ರ ಅಂಚಿನಲ್ಲಿ ನಸುಕಿನಲ್ಲಿ ಓಡುವುದನ್ನು ಅಭ್ಯರ್ಥಿಗಳು ಕಡ್ಡಾಯವಾಗಿ ತಪ್ಪಿಸಬೇಕು. ಭಾರೀ ವಾಹನಗಳ ಅಪಾಯವು ಒಂದು ಕಾರಣವಾದರೆ, ಡಾಂಬರಿನ ಗಟ್ಟಿ ನೆಲವು ಮೊಣಕಾಲಿನ ಕೆಳಗಿನ ಮುಂಭಾಗದ ಎಲುಬಿಗೆ ಒತ್ತಡ ತರುವುದು ಇನ್ನೊಂದು. ಇಲ್ಲಿನ ಜಂಬಿಟ್ಟಿಗೆಯ ಕೆಂಪು ನೆಲವೂ ಬೇಸಿಗೆಯಲ್ಲಿ ಡಾಂಬರಿನಷ್ಟೇ ಗಡುಸಾಗಿರುತ್ತದೆ. ಹೊಲದ ಬದಿಯ ಮಣ್ಣಿನ ಹಾದಿ ಅಥವಾ ಹುಲ್ಲಿರುವ ಮೈದಾನ ಉತ್ತಮ. ಆ ಎಲುಬಿನ ನೋವು, ಅದನ್ನು ಅಲಕ್ಷಿಸಿದರೆ ಉಂಟಾಗುವ ಸೂಕ್ಷ್ಮ ಬಿರುಕು, ಇವು ಜಗತ್ತಿನ ಎಲ್ಲ ಸೇನೆಗಳ ಹೊಸ ರಿಕ್ರೂಟರಲ್ಲಿ ಕಂಡುಬರುವ ತೊಂದರೆಗಳು. ಅಭ್ಯಾಸವಿಲ್ಲದ ಕಾಲಿಗೆ ಹಠಾತ್ತನೆ ಹೆಚ್ಚು ಓಟ ಮತ್ತು ಕವಾಯತು ಬಿದ್ದಾಗ ಇದು ಸಂಭವಿಸುತ್ತದೆ. ಆದ್ದರಿಂದ ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ವಾರಕ್ಕೊಂದು ದಿನ ಕಾಲಿಗೆ ಪೂರ್ಣ ಬಿಡುವು ಕೊಟ್ಟು, ಓಟದಷ್ಟೇ ವೇಗದ ನಡಿಗೆಯನ್ನೂ ರೂಢಿಸಿಕೊಳ್ಳಬೇಕು. ಬೆನ್ನಿಗೆ ಐದಾರು ಕಿಲೋ ಭಾರದ ಚೀಲ ಹಾಕಿಕೊಂಡು ನಡೆಯುವುದೂ ಉಪಯುಕ್ತ. ಕಬ್ಬು ಕಡಿಯುವ, ಮೂಟೆ ಹೊರುವ ಕೆಲಸ ಮಾಡಿದವರಿಗೆ ತೋಳು ಮತ್ತು ಬೆನ್ನಿನ ಬಲ ಮೊದಲೇ ಇರುತ್ತದೆ. ಅವರು ಹಗ್ಗ ಮತ್ತು ಬೀಮ್‌ಗೆ ಕಡಿಮೆ, ಓಟಕ್ಕೆ ಹೆಚ್ಚು ಸಮಯ ಕೊಟ್ಟರೆ ಸಾಕು.

ಗುಟ್ಕಾ, ತಂಬಾಕು ಅಥವಾ ಬೀಡಿಯ ಅಭ್ಯಾಸವಿರುವವರು ಹೊರಡುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಅದನ್ನು ಬಿಡತಕ್ಕದ್ದು. ಬಿಟ್ಟ ಮೊದಲ ದಿನಗಳಲ್ಲಿ ಸಿಡಿಮಿಡಿ, ತಲೆನೋವು, ನಿದ್ರಾಹೀನತೆ ಸಹಜ. ಅದನ್ನು ಮನೆಯಲ್ಲಿ ಅನುಭವಿಸುವುದಕ್ಕೂ, ಉಸ್ತಾದರ ಮುಂದೆ ಸಾಲಿನಲ್ಲಿ ನಿಂತು ಅನುಭವಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ದಮ್ಮು ಹೆಚ್ಚಿಸುವುದೆಂದು ಹೇಳಿ ಮಾರುವ ಚುಚ್ಚುಮದ್ದು ಮತ್ತು ಮಾತ್ರೆಗಳನ್ನು ಯಾವ ಕಾರಣಕ್ಕೂ ತೆಗೆದುಕೊಳ್ಳಬಾರದು. ಇವು ಅನರ್ಹತೆಗೂ, ಕೆಲವೊಮ್ಮೆ ಪ್ರಾಣಾಪಾಯಕ್ಕೂ ದಾರಿಯಾಗುತ್ತವೆ.

ಹುಳುಕು ಹಲ್ಲು, ಕಿವಿಯ ಗುಗ್ಗೆ, ಕಾಲ್ಬೆರಳಿನ ಸಂದಿನ ಹುಣ್ಣು ಮುಂತಾದವುಗಳಿಗೆ ಹುಮನಾಬಾದ್ ಅಥವಾ ಬಸವಕಲ್ಯಾಣದ ಸರ್ಕಾರಿ ಆಸ್ಪತ್ರೆಯಲ್ಲಿ ಮುಂಚಿತವಾಗಿ ಚಿಕಿತ್ಸೆ ಪಡೆಯುವುದು.

ದಿನಚರಿ, ಭಾಷೆ ಮತ್ತು ಆಹಾರ

ಕೇಂದ್ರದಲ್ಲಿ ದಿನವು ಸೂರ್ಯೋದಯಕ್ಕೆ ಬಹಳ ಮುಂಚೆ ಆರಂಭವಾಗುತ್ತದೆ. ಪ್ರತಿದಿನ ಮುಖಕ್ಷೌರ, ಹಾಸಿಗೆಯನ್ನು ಗೆರೆ ಎಳೆದಂತೆ ಮಡಿಸುವುದು, ಬೂಟು ಮತ್ತು ಹಿತ್ತಾಳೆಯ ಬಿಲ್ಲೆಗೆ ಹೊಳಪು, ಸಮವಸ್ತ್ರಕ್ಕೆ ಇಸ್ತ್ರಿ ಇವೆಲ್ಲವನ್ನೂ ಮಾಡಿ ಮುಗಿಸಿದ ಮೇಲೆ ವ್ಯಾಯಾಮಕ್ಕೆ ಸಾಲು ನಿಲ್ಲಬೇಕಾಗುತ್ತದೆ. ಮನೆಯಲ್ಲಿ ತಾಯಿಯೋ ಅಕ್ಕನೋ ಬಟ್ಟೆ ಒಗೆದುಕೊಡುವುದು ರೂಢಿಯಾಗಿರುವ ಹುಡುಗರಿಗೆ ಮೊದಲ ವಾರದಲ್ಲಿ ಓಟಕ್ಕಿಂತ ಇದೇ ಕಷ್ಟವಾಗುತ್ತದೆ. ಹೊರಡುವ ಆರು ವಾರ ಮೊದಲಿನಿಂದ ಬೆಳಿಗ್ಗೆ 4 ಗಂಟೆಗೆ ಏಳುವುದು, ತನ್ನ ಬಟ್ಟೆಯನ್ನು ತಾನೇ ಒಗೆದು ಇಸ್ತ್ರಿ ಮಾಡುವುದು, ಗುಂಡಿ ಹೊಲಿಯುವುದು, ಹತ್ತು ನಿಮಿಷದಲ್ಲಿ ಊಟ ಮುಗಿಸುವುದು ಇವುಗಳನ್ನು ಅಭ್ಯಾಸ ಮಾಡಿಕೊಳ್ಳಬೇಕು. ರಾತ್ರಿ ಬೇಗ ಮಲಗದೆ ಬೆಳಿಗ್ಗೆ ಬೇಗ ಏಳುವುದು ಸಾಧ್ಯವಿಲ್ಲವಾದ್ದರಿಂದ ಮೊಬೈಲನ್ನು 9 ಗಂಟೆಗೆ ಬದಿಗಿಡುವುದೂ ಇದರ ಭಾಗವೇ.

ಆಜ್ಞೆಗಳು ಹಿಂದಿಯಲ್ಲಿರುತ್ತವೆ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ಬಾಯೇ ಮುಡ್, ಪೀಛೇ ಮುಡ್, ತೇಜ್ ಚಲ್, ಥಮ್ ಎಂಬ ಏಳು ಆಜ್ಞೆಗಳ ಅರ್ಥ ಮತ್ತು ಚಲನೆಯನ್ನು ಶಾಲೆಯ ದೈಹಿಕ ಶಿಕ್ಷಕರಿಂದಲೋ ಎನ್.ಸಿ.ಸಿ. ಕೆಡೆಟ್‌ಗಳಿಂದಲೋ ಕಲಿತುಕೊಂಡರೆ ಮೊದಲ ದಿನದ ಗಲಿಬಿಲಿ ಅರ್ಧ ಕಡಿಮೆಯಾಗುತ್ತದೆ. ಭಾಷೆಯ ವಿಷಯದಲ್ಲಿ ಬೀದರ್ ಜಿಲ್ಲೆಯವರಿಗೆ ಅನುಕೂಲವೊಂದಿದೆ. ಕನ್ನಡದ ಜೊತೆಗೆ ದಖನಿ ಉರ್ದು, ಮರಾಠಿ, ತೆಲುಗು ಮಾತುಗಳನ್ನು ಸಂತೆ ಬಜಾರಿನಲ್ಲಿಯೇ ಕೇಳುತ್ತ ಬೆಳೆದವರಿಗೆ ಸೇನೆಯ ಹಿಂದಿ ತಿಂಗಳೊಳಗೆ ಹಿಡಿತಕ್ಕೆ ಬರುತ್ತದೆ. ಓದಲು ಬರೆಯಲು ಮಾತ್ರ ದೇವನಾಗರಿ ಅಕ್ಷರಗಳನ್ನು ಮರುಕಳಿಸಿಕೊಳ್ಳಬೇಕು.

ಊಟದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳ ನಿರೀಕ್ಷೆ ಬೇಡ. ಗೋಧಿ ರೋಟಿ, ಅನ್ನ, ಬೇಳೆ, ತರಕಾರಿ ಸಾಕಷ್ಟು ಪ್ರಮಾಣದಲ್ಲಿ ಇರುತ್ತವೆ. ಬೆಳಗಾವಿಗೆ ಮಳೆಗಾಲದಲ್ಲಿ ಹೋಗುವವರು ದಿನಗಟ್ಟಲೆ ಒಣಗದ ಬಟ್ಟೆಗೂ, ನೀಲಗಿರಿ ಬೆಟ್ಟದ ಮೇಲಿರುವ ವೆಲ್ಲಿಂಗ್ಟನ್‌ಗೆ ಹೋಗುವವರು ಬೀದರಿನಲ್ಲಿ ಕಾಣದ ಚಳಿಗೂ ಸಿದ್ಧರಿರಬೇಕು. ಒಳ ಉಡುಪು ಮತ್ತು ಕಾಲುಚೀಲಗಳನ್ನು ಹೆಚ್ಚುವರಿಯಾಗಿ ಒಯ್ಯುವುದು. ಉಳಿದಂತೆ ಕರೆಪತ್ರದಲ್ಲಿ ನಮೂದಿಸಿದ ವಸ್ತುಗಳಷ್ಟೇ ಸಾಕು. ಬೆಲೆಬಾಳುವ ಮೊಬೈಲ್, ಉಂಗುರ, ಸರ ಬೇಡ.

ಮಾನಸಿಕ ಸಿದ್ಧತೆ

ತರಬೇತಿಯ ಮೊದಲ ನಾಲ್ಕು ವಾರಗಳು ಅತ್ಯಂತ ಕಠಿಣವೆನಿಸುತ್ತವೆ. ತಲೆಗೂದಲು ಕತ್ತರಿಸಲಾಗುತ್ತದೆ, ಮೊಬೈಲ್ ನಿಗದಿತ ವೇಳೆಯಲ್ಲಿ ಮಾತ್ರ ದೊರೆಯುತ್ತದೆ, ಒಬ್ಬನ ತಪ್ಪಿಗೆ ಇಡೀ ತುಕಡಿ ಓಡಬೇಕಾಗಬಹುದು. ಊರಿನಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ಅಲ್ಲಿ ನಡುವಿನ ಸಾಲಿನವನಾಗುತ್ತಾನೆ. ಏಕೆಂದರೆ ಅಲ್ಲಿಗೆ ಬಂದವರೆಲ್ಲರೂ ತಮ್ಮ ತಮ್ಮ ಊರಿನಲ್ಲಿ ಮುಂದೆ ಓಡುತ್ತಿದ್ದವರೇ. ಈ ಸಂಗತಿಗೆ ಮನಸ್ಸನ್ನು ಮೊದಲೇ ಒಗ್ಗಿಸಿಕೊಳ್ಳದವರಿಗೆ ತಾನು ಅಯೋಗ್ಯನೆಂಬ ಭಾವನೆ ಬಂದುಬಿಡುತ್ತದೆ. ಅಂತಹ ಭಾವನೆ ಬರುವುದು ದೌರ್ಬಲ್ಯದ ಲಕ್ಷಣವಲ್ಲ. ಪಕ್ಕದ ಹಾಸಿಗೆಯವನಿಗೂ ಅದೇ ಆಗುತ್ತಿರುತ್ತದೆ, ಆದರೆ ಹೇಳಿಕೊಳ್ಳುವುದಿಲ್ಲ.

ಉಸ್ತಾದರು ಏರುದನಿಯಲ್ಲಿ ಗದರುವುದನ್ನು ವೈಯಕ್ತಿಕ ಅವಮಾನವೆಂದು ತಿಳಿಯಬಾರದು. ಇಡೀ ತರಬೇತಿಯನ್ನು ಒಮ್ಮೆಗೇ ನೆನೆದು ಹೆದರುವುದಕ್ಕಿಂತ ಮುಂದಿನ ಊಟದವರೆಗೆ, ಅದು ಮುಗಿದರೆ ಸಂಜೆಯ ಹಾಜರಿಯವರೆಗೆ ಎಂದು ಕಾಲವನ್ನು ಚಿಕ್ಕದಾಗಿ ಕತ್ತರಿಸಿಕೊಳ್ಳುವುದು ಅನುಕೂಲಕರ. ಬೇರೆ ರಾಜ್ಯದ ಒಬ್ಬ ಗೆಳೆಯನನ್ನಾದರೂ ಮೊದಲ ವಾರದಲ್ಲಿಯೇ ಮಾಡಿಕೊಳ್ಳಬೇಕು. ಕನ್ನಡಿಗರೆಲ್ಲ ಒಂದೆಡೆ ಗುಂಪುಗೂಡುವುದು ಮೊದಮೊದಲು ಹಿತವೆನಿಸಿದರೂ ಹಿಂದಿ ಕಲಿಯುವುದನ್ನು ತಡಮಾಡುತ್ತದೆ.

ಕಠಿಣ ಶಿಸ್ತು ಬೇರೆ, ಹಿಂಸೆ ಬೇರೆ. ಹೊಡೆತ, ಹಣದ ವಸೂಲಿ ಅಥವಾ ಜಾತಿ, ಧರ್ಮ, ಬಣ್ಣದ ನಿಂದನೆ ನಡೆದಲ್ಲಿ ಪ್ಲಟೂನಿನ ಹಿರಿಯ ಅಧಿಕಾರಿ ಹಾಗೂ ಕಂಪನಿ ಕಮಾಂಡರಿಗೆ ತಿಳಿಸುವ ಹಕ್ಕು ರಿಕ್ರೂಟನಿಗೂ ಇದೆ. ನೋವು, ಜ್ವರ, ಗಾಯಗಳನ್ನು ಬಚ್ಚಿಡುವುದೂ ಸಲ್ಲದು. ಎರಡು ದಿನದ ವಿಶ್ರಾಂತಿಯಲ್ಲಿ ಗುಣವಾಗಬೇಕಾದ ಕಾಲು ಬಚ್ಚಿಟ್ಟದ್ದರಿಂದ ಎರಡು ತಿಂಗಳು ತೆಗೆದುಕೊಂಡು, ತಂಡದಿಂದ ಹಿಂದುಳಿಯಲು ಕಾರಣವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮನಸ್ಸು ತಡೆಯದೆ ಹೇಳದೆ ಕೇಳದೆ ಊರಿಗೆ ಬಂದುಬಿಡುವುದು ವಸತಿನಿಲಯ ಬಿಟ್ಟು ಬಂದಂತಲ್ಲ. ಸೇನೆಗೆ ದಾಖಲಾದ ದಿನದಿಂದ ರಿಕ್ರೂಟನು 1950ರ ಸೇನಾ ಅಧಿನಿಯಮಕ್ಕೆ ಒಳಪಡುತ್ತಾನೆ. ರಜೆಯಿಲ್ಲದೆ ಗೈರುಹಾಜರಾಗುವುದು ಅದರಡಿ ಶಿಕ್ಷಾರ್ಹ ಅಪರಾಧ. ಗೈರುಹಾಜರಿಯು 30 ದಿನಗಳನ್ನು ಮೀರಿದಲ್ಲಿ ವಿಚಾರಣಾ ನ್ಯಾಯಾಲಯವನ್ನು ನೇಮಿಸಿ, ಅದರ ತೀರ್ಮಾನವನ್ನು ದಾಖಲೆಗೆ ಸೇರಿಸಲಾಗುತ್ತದೆ. ಹಾಗೆ ಬಂದ ಮಗನನ್ನು ಮನೆಯಲ್ಲಿ ಅಡಗಿಸಿಟ್ಟುಕೊಂಡ ಪ್ರತಿ ದಿನವೂ ಅವನ ಸ್ಥಿತಿಯನ್ನು ಕೆಡಿಸುತ್ತದೆ. ಪೋಷಕರು ಗದರದೆ, ಹೊಡೆಯದೆ, ಅದೇ ದಿನ ಕೇಂದ್ರಕ್ಕೆ ದೂರವಾಣಿ ಮಾಡಿ, ಸಾಧ್ಯವಾದಷ್ಟು ಬೇಗ ಖುದ್ದಾಗಿ ಕರೆದುಕೊಂಡು ಹೋಗಿ ಹಾಜರುಪಡಿಸುವುದು ಸೂಕ್ತ. ನಿಜವಾಗಿಯೂ ಮುಂದುವರಿಯಲು ಆಗದವನಿಗೆ ವಿನಂತಿ ಸಲ್ಲಿಸುವ ಕ್ರಮವಿದ್ದು, ವಿಶೇಷ ಸಂದರ್ಭಗಳಲ್ಲಿ ಮಾತ್ರ ಸಕ್ಷಮ ಪ್ರಾಧಿಕಾರವು ಬಿಡುಗಡೆಗೆ ಅನುಮತಿ ನೀಡಬಹುದು.

ಹೊರಡುವ ಮೊದಲೇ ನಿದ್ರೆ ಬಾರದಷ್ಟು ಆತಂಕವಿದ್ದರೆ, ಅಥವಾ ಮಗನು ಹೋದ ಮೇಲೆ ಮನೆಯವರಿಗೇ ತಡೆದುಕೊಳ್ಳಲಾಗದಿದ್ದರೆ, 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಧಾನ ಕೇಂದ್ರವಾಗಿದೆ.

ಹಣದ ಲೆಕ್ಕ

ಮೊದಲ ವರ್ಷದ ಮಾಸಿಕ ಪ್ಯಾಕೇಜ್ ರೂ. 30,000 ಎಂದು ಕೇಳಿದ ಮನೆಯವರು ಅಷ್ಟೂ ಹಣ ಕೈಗೆ ಬರುವುದೆಂದು ಲೆಕ್ಕ ಹಾಕುತ್ತಾರೆ. ವಾಸ್ತವದಲ್ಲಿ ಶೇ. 30ರಷ್ಟು, ಅಂದರೆ ರೂ. 9,000 ಸೇವಾ ನಿಧಿಗೆ ಕಡಿತವಾಗಿ ಕೈಗೆ ರೂ. 21,000 ಬರುತ್ತದೆ. ಎರಡನೆಯ ವರ್ಷ ರೂ. 33,000ದಲ್ಲಿ ರೂ. 23,100, ಮೂರನೆಯ ವರ್ಷ ರೂ. 36,500ರಲ್ಲಿ ರೂ. 25,550, ನಾಲ್ಕನೆಯ ವರ್ಷ ರೂ. 40,000ದಲ್ಲಿ ರೂ. 28,000 ಕೈಗೆ ಸೇರುತ್ತದೆ. ನಾಲ್ಕು ವರ್ಷಗಳಲ್ಲಿ ಕಡಿತವಾದ ಹಣ ಒಟ್ಟು ರೂ. 5,02,200. ಇಷ್ಟೇ ಮೊತ್ತವನ್ನು ಸರ್ಕಾರವೂ ಸೇರಿಸುವುದರಿಂದ ಬಡ್ಡಿಯನ್ನು ಬಿಟ್ಟು ರೂ. 10,04,400 ಆಗುತ್ತದೆ, ಇದಕ್ಕೆ ಆದಾಯ ತೆರಿಗೆಯಿಲ್ಲ. ಅವಧಿಗೆ ಮುನ್ನ ಸ್ವಂತ ಕೋರಿಕೆಯ ಮೇಲೆ ಬಿಡುಗಡೆ ಹೊಂದಿದವನಿಗೆ ತಾನು ಕಟ್ಟಿದ ಹಣ ಮತ್ತು ಅದರ ಬಡ್ಡಿ ಮಾತ್ರ ದೊರೆಯುತ್ತದೆ, ಸರ್ಕಾರದ ಪಾಲು ದೊರೆಯುವುದಿಲ್ಲ. ಸೇವಾವಧಿಯಲ್ಲಿ ರೂ. 48 ಲಕ್ಷದ ಜೀವವಿಮೆಯಿದ್ದು ಅದಕ್ಕೆ ಕಂತು ಕಟ್ಟಬೇಕಾಗಿಲ್ಲ. ಪಿಂಚಣಿ ಮತ್ತು ಉಪದಾನ ಇರುವುದಿಲ್ಲ. 2022ರ ಯೋಜನೆಯ ಪ್ರಕಾರ ಪ್ರತಿ ತಂಡದ ಶೇ. 25ರವರೆಗಿನ ಅಗ್ನಿವೀರರನ್ನು ಖಾಯಂ ಸೇವೆಗೆ ಆಯ್ದುಕೊಳ್ಳಲು ಅವಕಾಶವಿದೆ.

ಈ ಅಂಕಿಗಳನ್ನು ಮನೆಯವರೆಲ್ಲರೂ ಒಟ್ಟಿಗೆ ಕುಳಿತು ನೋಡಬೇಕಾದ ಕಾರಣವಿದೆ. ಸಂಬಳ ಬರುವುದೆಂಬ ಭರವಸೆಯ ಮೇಲೆ ತಂಗಿಯ ಮದುವೆಗೋ ಟ್ರ್ಯಾಕ್ಟರಿಗೋ ಖಾಸಗಿ ಬಡ್ಡಿಗೆ ಸಾಲ ಎತ್ತಿದರೆ, ಆ ಕಂತಿನ ಚಿಂತೆಯು ಹುಡುಗನ ಜೊತೆಗೆ ಪರೇಡ್ ಮೈದಾನಕ್ಕೂ ಹೋಗುತ್ತದೆ. ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲಕ್ಕೆ ಅವನನ್ನು ಜಾಮೀನುದಾರನನ್ನಾಗಿಯೂ ಮಾಡಬಾರದು. ಮೊದಲ ಸಂಬಳವು ದಾಖಲೆ ಪೂರ್ಣಗೊಂಡ ನಂತರ ಜಮೆಯಾಗುವುದರಿಂದ ಒಂದೆರಡು ತಿಂಗಳ ಸಣ್ಣ ಖರ್ಚಿಗೆ ಹಣ ಕೊಟ್ಟು ಕಳುಹಿಸುವುದು. ಅನಂತರ ತಿಂಗಳಿಗೆ ಎಷ್ಟು ಮನೆಗೆ, ಎಷ್ಟು ಉಳಿತಾಯಕ್ಕೆ, ಎಷ್ಟು ತನಗೆ ಎಂಬುದನ್ನು ಹೊರಡುವ ಮೊದಲೇ ಮಾತನಾಡಿಕೊಂಡರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಎ.ಟಿ.ಎಂ. ಕಾರ್ಡ್ ಮತ್ತು ಗುಪ್ತ ಸಂಖ್ಯೆಯನ್ನು ಅಣ್ಣ ತಮ್ಮಂದಿರ ಕೈಗೆ ಕೊಟ್ಟುಹೋಗುವ ಪದ್ಧತಿ ಸರಿಯಲ್ಲ. ತಾಯಿಯ ಖಾತೆಗೆ ಪ್ರತಿ ತಿಂಗಳು ವರ್ಗಾಯಿಸುವುದು ಸೂಕ್ತ.

ಪೋಷಕರ ಗಮನಕ್ಕೆ

ತರಬೇತಿಯ ಅವಧಿಯಲ್ಲಿ ಹಬ್ಬ ಜಾತ್ರೆಗಳಿಗೆ ರಜೆ ದೊರೆಯುವುದಿಲ್ಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಾಗಲಿ ಬಸವಕಲ್ಯಾಣದ ಬಸವೇಶ್ವರ ಜಾತ್ರೆಯಾಗಲಿ ಆ ವರ್ಷ ಮಗನಿಲ್ಲದೆ ನಡೆಯಬೇಕಾಗುತ್ತದೆ. ವಾರಕ್ಕೊಮ್ಮೆ ದೊರೆಯುವ ಹತ್ತು ನಿಮಿಷದ ಮಾತಿನಲ್ಲಿ ಹೊಲದ ವ್ಯಾಜ್ಯ, ದಾಯಾದಿಗಳ ಜಗಳ, ಎಮ್ಮೆ ಸತ್ತ ವಿಷಯಗಳನ್ನು ಹೇಳಿ ಅಳುವುದರಿಂದ ಮಗನಿಗೆ ಏನೂ ಮಾಡಲಾಗದ ಸಂಕಟ ಉಳಿಯುತ್ತದೆ. ಹಾಗೆಂದು ಮನೆಯಲ್ಲಿ ಸಾವು ಅಥವಾ ಗಂಭೀರ ಕಾಯಿಲೆಯಾದಾಗ ಮುಚ್ಚಿಡುವುದೂ ತಪ್ಪು. ಅಂತಹ ಸಂದರ್ಭದಲ್ಲಿ ಅವನ ಸಂಖ್ಯೆ, ಕಂಪನಿ ಮತ್ತು ಕೇಂದ್ರದ ಹೆಸರನ್ನು ನಮೂದಿಸಿ ಕೇಂದ್ರದ ಕಚೇರಿಗೆ ತಿಳಿಸತಕ್ಕದ್ದು. ಈ ಮೂರನ್ನೂ ಮೊದಲ ವಾರದಲ್ಲಿಯೇ ಬರೆದಿಟ್ಟುಕೊಳ್ಳುವುದು. ದೂರವಾಣಿಯ ಜೊತೆಗೆ ಆಗಾಗ ಒಂದು ಅಂಚೆ ಪತ್ರ ಬರೆದರೆ ಅದನ್ನು ಹುಡುಗರು ಹಲವು ಬಾರಿ ಓದುತ್ತಾರೆ.

ನಾಲ್ಕು ವರ್ಷಗಳ ಅವಧಿಯಲ್ಲಿ ಅಗ್ನಿವೀರನು ವಿವಾಹವಾಗುವಂತಿಲ್ಲ. ಕೆಲಸ ಸಿಕ್ಕಿತೆಂದು ಹೊರಡುವ ಮೊದಲೇ ಅಥವಾ ಮೊದಲ ರಜೆಯಲ್ಲಿ ಮದುವೆ ಮಾಡುವ ಆತುರವು ಅವನ ಸೇವೆಗೇ ಮುಳುವಾಗುತ್ತದೆ.

ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

ಭರ್ತಿಗೆ, ತರಬೇತಿ ಕೇಂದ್ರದ ಬದಲಾವಣೆಗೆ ಅಥವಾ ವೈದ್ಯಕೀಯ ತಪಾಸಣೆಯಲ್ಲಿ ಉತ್ತೀರ್ಣಗೊಳಿಸಲು ಹಣ ಕೇಳುವ ಯಾರನ್ನೂ ನಂಬಬಾರದು. ನಿಗದಿತ ಪರೀಕ್ಷಾ ಶುಲ್ಕವನ್ನು ಹೊರತುಪಡಿಸಿ ಯಾವ ಹಂತದಲ್ಲಿಯೂ ಸೇನೆಯು ಹಣ ಪಡೆಯುವುದಿಲ್ಲ. ಮೂಲ ಅಂಕಪಟ್ಟಿಯನ್ನು ಒತ್ತೆಯಾಗಿ ಇರಿಸಿಕೊಳ್ಳುವವರಿಗೆ ಯಾವ ಕಾರಣಕ್ಕೂ ಕೊಡತಕ್ಕದ್ದಲ್ಲ. ಈಗಾಗಲೇ ಕೊಟ್ಟಿದ್ದಲ್ಲಿ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸುವುದು.

ಪ್ರಯಾಣ ಮತ್ತು ಹೆಚ್ಚಿನ ಮಾಹಿತಿ

ಹುಮನಾಬಾದ್ ರೈಲು ನಿಲ್ದಾಣವು 2017ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಬೀದರ್–ಕಲಬುರಗಿ ಮಾರ್ಗದಲ್ಲಿದ್ದು, ಕಲಬುರಗಿಯಿಂದ ಬೆಂಗಳೂರು, ಮುಂಬೈ ಮತ್ತು ಚೆನ್ನೈ ಕಡೆಗೆ ರೈಲುಗಳು ದೊರೆಯುತ್ತವೆ. ಹೈದರಾಬಾದಿಗೆ ಹಾಗೂ ಸೊಲ್ಲಾಪುರಕ್ಕೆ ಹೆದ್ದಾರಿಯ ಬಸ್ಸುಗಳಿವೆ. ಹಾಜರಾಗಬೇಕಾದ ದಿನಕ್ಕೆ ಒಂದು ದಿನ ಮೊದಲೇ ಆ ಊರನ್ನು ತಲುಪುವಂತೆ ಹೊರಡತಕ್ಕದ್ದು. ಮೂಲ ದಾಖಲೆಗಳನ್ನು ಲಗೇಜಿನಲ್ಲಿ ಇಡದೆ ಕೈಚೀಲದಲ್ಲಿಯೇ ಇಟ್ಟುಕೊಂಡು, ಪ್ರತಿಗಳ ಒಂದು ಕಟ್ಟನ್ನು ಮನೆಯಲ್ಲಿ ಬಿಟ್ಟುಹೋಗುವುದು.

ಅಧಿಸೂಚನೆ, ಪ್ರವೇಶ ಪತ್ರ ಹಾಗೂ ಫಲಿತಾಂಶಗಳಿಗಾಗಿ ಭಾರತೀಯ ಸೇನೆಯ ಭರ್ತಿ ಜಾಲತಾಣವನ್ನು ನೋಡುವುದು. ಹಂಚಿಕೆಯಾದ ಕೇಂದ್ರ ಮತ್ತು ಹಾಜರಾಗುವ ದಿನಾಂಕದ ಬಗ್ಗೆ ಸಂದೇಹವಿದ್ದಲ್ಲಿ ಬೆಳಗಾವಿಯ ಸೇನಾ ಭರ್ತಿ ಕಚೇರಿಯನ್ನೂ, ಕಂದಾಯ ದಾಖಲೆಗಳ ಕುರಿತು ಸಂಬಂಧಿಸಿದ ತಹಶೀಲ್ದಾರರ ಕಚೇರಿಯನ್ನೂ ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.